ಕೆಟ್ಟುನಿಂತ ಗಣಕಯಂತ್ರ ಮತ್ತು ಕನ್ನಡ ಲೇಖಕರ ಹಸ್ತಪ್ರತಿ

ಉಳಿದ ಕೃತಿಗಳಿಂದ ಸಾಹಿತ್ಯಚರಿತ್ರೆಯನ್ನು ಕಟ್ಟಿಕೊಂಡು ಬಂದಿರುವ ನಮಗೆ ಉಳಿಯದೆ ಹೋದ ಕೃತಿಗಳ ಲೆಕ್ಕ ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಹತ್ತನೆಯ ಶತಮಾನದ ಪೊನ್ನನ ಉದಾಹರಣೆಯನ್ನೇ ನೋಡಬಹುದು. ಅವನ 'ಶಾಂತಿಪುರಾಣ' ಇಂದಿಗೂ ನಮ್ಮ ಕೈಯಲ್ಲಿದೆ, 'ಭುವನೈಕರಾಮಾಭ್ಯುದಯ' ಉಪಲಬ್ಧವಿಲ್ಲ. ಬರೆದ ಕವಿ ಒಬ್ಬನೇ, ಬರೆಯಲು ಬಳಸಿದ ಓಲೆಯ ಬಾಳಿಕೆಯೂ ಹೆಚ್ಚುಕಡಿಮೆ ಒಂದೇ ಆಗಿದ್ದಿರಬೇಕು. ದಾನಚಿಂತಾಮಣಿ ಅತ್ತಿಮಬ್ಬೆ ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಮಾಡಿಸಿದಳೆಂಬುದು ಪ್ರಸಿದ್ಧವಾದ ಸಂಗತಿ. ಕೃತಿ ಉಳಿದುದಕ್ಕೆ ಇದೊಂದೇ ಕಾರಣವೆಂದು ಹೇಳಲಾಗದು. ಧರ್ಮಗ್ರಂಥಕ್ಕೆ ಬಸದಿ ಭಂಡಾರಗಳಲ್ಲಿ ದೊರೆಯುವ ಆಶ್ರಯವನ್ನೂ ಗಣನೆಗೆ ತೆಗೆದುಕೊಳ್ಳಬೇಕು. ಆದರೂ ಒಂದೇ ಪ್ರತಿಯಾಗಿ ಉಳಿದ ಬರವಣಿಗೆ ಯಾವಾಗಲೂ ಅಪಾಯದಲ್ಲಿರುತ್ತದೆ ಎಂಬುದನ್ನು ನಮ್ಮ ಲಿಪಿಕಾರರು ಚೆನ್ನಾಗಿ ಬಲ್ಲವರಾಗಿದ್ದರು. ಪ್ರತಿಯ ಕೊನೆಯಲ್ಲಿ ಎಣ್ಣೆಯಿಂದ, ನೀರಿನಿಂದ, ಸಡಿಲವಾದ ಕಟ್ಟಿನಿಂದ ಇದನ್ನು ಕಾಪಾಡಿರೆಂದು ಓದುಗರನ್ನು ಬೇಡಿಕೊಳ್ಳುವ ರೂಢಿ ಆ ತಿಳಿವಳಿಕೆಯಿಂದಲೇ ಬಂದುದು.

ಕಳೆದ ಮೂರು ದಶಕಗಳಲ್ಲಿ ಕನ್ನಡ ಲೇಖಕರ ಹಸ್ತಪ್ರತಿ ಕಾಗದವನ್ನು ಬಿಟ್ಟು ಗಣಕಯಂತ್ರದ ಒಳಗೆ ಸೇರಿದೆ. 'ಹಸ್ತ'ವೂ ಇಲ್ಲದ, ಅನೇಕ ವೇಳೆ ಎರಡನೆಯ 'ಪ್ರತಿ'ಯೂ ಇಲ್ಲದ ಈ ಬರವಣಿಗೆಯನ್ನು ಹಸ್ತಪ್ರತಿ ಎಂದು ಕರೆಯಬಹುದೇ ಎಂಬ ಚರ್ಚೆ ಬೇರೆ. ಯಂತ್ರ ಒಮ್ಮೆಗೇ ಕೆಟ್ಟುನಿಂತಾಗ ಲೇಖಕರು ಕಳೆದುಕೊಳ್ಳುವುದೇನು, ಅದರಲ್ಲಿ ಮರಳಿ ಪಡೆಯಲು ಸಾಧ್ಯವಿರುವುದೇನು, ಹಾಗೆ ಪಡೆದುದನ್ನು ಓದುವುದು ಹೇಗೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ಪ್ರಶ್ನೆ ಬಹುಮಟ್ಟಿಗೆ ಯಂತ್ರದ ಪ್ರಶ್ನೆ. ಕನ್ನಡದಲ್ಲಿ ಅದು ಲಿಪಿಯ ಪ್ರಶ್ನೆಯೂ ಹೌದು. ಈ ಎರಡನೆಯ ಅಂಶ ನಮ್ಮ ಸಂಶೋಧಕರ ಗಮನಕ್ಕೆ ಸಾಕಷ್ಟು ಬಂದಿಲ್ಲವಾದ ಕಾರಣ ಇಲ್ಲಿ ಅದಕ್ಕೆ ಹೆಚ್ಚಿನ ಅವಕಾಶ ಕೊಡಲಾಗಿದೆ.

ವಿವರಣೆಯ ಅನುಕೂಲಕ್ಕಾಗಿ ಒಂದು ಊರನ್ನು ಇಟ್ಟುಕೊಳ್ಳೋಣ. ಬಿಳಿಚೋಡು ಜಗಳೂರು ತಾಲ್ಲೂಕಿನ ಹೋಬಳಿ ಕೇಂದ್ರ. ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಅದಕ್ಕೆ ಸೇರಿತು. ಮಳೆ ಕಡಿಮೆಯ ಬಯಲುಸೀಮೆ. ಇಲ್ಲಿಯ ಶಾಸನಗಳನ್ನು ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ 11ನೆಯ ಸಂಪುಟದಲ್ಲಿ ಸಂಗ್ರಹಿಸಿದರು. ಕಲ್ಲಿನ ಮೇಲಿನ ಬರೆಹಕ್ಕೆ ಹೀಗೆ ಅಚ್ಚಿನಲ್ಲಿ ಎರಡನೆಯ ಪ್ರತಿ ದೊರೆಯಿತು. ಆದರೆ ಇಂಥ ಊರಿನಲ್ಲಿ ಕುಳಿತು ಸೋಬಾನೆ ಪದ, ಗ್ರಾಮದೇವತೆಗಳ ಕಥನ, ಕೆರೆಕಟ್ಟೆಗಳ ಹೆಸರು, ಮನೆತನಗಳ ಕಾಗದಪತ್ರ ಇವನ್ನು ಇಪ್ಪತ್ತು ವರ್ಷ ಕೂಡಿಸಿ ಗಣಕಯಂತ್ರಕ್ಕೆ ಏರಿಸಿರುವ ಒಬ್ಬ ಶಾಲಾ ಅಧ್ಯಾಪಕ ಲೇಖಕರನ್ನು ಊಹಿಸಿಕೊಂಡರೆ, ಅವರ ಸಂಗ್ರಹ ಇರುವುದು ಒಂದೇ ಪೆಟ್ಟಿಗೆಯಲ್ಲಿ. ಹಾಡಿದ ಮುದುಕಿಯರಲ್ಲಿ ಅನೇಕರು ಈಗ ಇರಲಾರರು. ಕಾದಂಬರಿಕಾರರೊಬ್ಬರು ಕಳೆದ ಅಧ್ಯಾಯವನ್ನು ಮತ್ತೆ ಬರೆದಾರು, ಕ್ಷೇತ್ರಕಾರ್ಯದ ದಾಖಲೆಯನ್ನು ಮತ್ತೆ ಬರೆಯಲು ಬರುವುದಿಲ್ಲ.

ಒಂದು ಬೆಳಿಗ್ಗೆ ಗುಂಡಿ ಒತ್ತಿದರೆ ಯಂತ್ರ ಏಳುವುದಿಲ್ಲ. ಇಂಥ ಸಂದರ್ಭದಲ್ಲಿ ಮೊದಲು ತಿಳಿಯಬೇಕಾದುದು, ಗಣಕಯಂತ್ರ ಕೆಟ್ಟಿತೆಂದರೆ ಬರವಣಿಗೆ ಹೋಯಿತೆಂದು ಅರ್ಥವಲ್ಲ. ವಿದ್ಯುತ್ತಿನ ಒತ್ತಡ ಏರಿಳಿಯುವ ಊರುಗಳಲ್ಲಿ ಮೊದಲು ಸುಡುವುದು ಸಾಮಾನ್ಯವಾಗಿ ವಿದ್ಯುತ್ ಪೂರೈಕೆಯ ಘಟಕ, ಇಲ್ಲವೆ ಮದರ್‌ಬೋರ್ಡ್. ಬರೆದುದೆಲ್ಲ ಇರುವುದು ಹಾರ್ಡ್ ಡಿಸ್ಕಿನಲ್ಲಿ. ಅದು ಪ್ರತ್ಯೇಕ ಭಾಗ. ಅದನ್ನು ಬಿಚ್ಚಿ ಇನ್ನೊಂದು ಯಂತ್ರಕ್ಕೆ ಎರಡನೆಯ ಡಿಸ್ಕಾಗಿ ಜೋಡಿಸಿದರೆ ಎಷ್ಟೋ ಸಲ ಎಲ್ಲ ಕಡತಗಳೂ ಇದ್ದ ಹಾಗೆಯೇ ಸಿಗುತ್ತವೆ. ದುರಸ್ತಿಗೆ ಕೊಂಡೊಯ್ದಾಗ 'ಎಲ್ಲ ಅಳಿಸಿ ಹೊಸದಾಗಿ ಹಾಕುತ್ತೇವೆ' ಎಂಬ ಮಾತಿಗೆ ತಲೆಯಾಡಿಸಿ ಬರುವ ಮೊದಲು ಈ ವ್ಯತ್ಯಾಸ ತಿಳಿದಿರಬೇಕು. ಯಂತ್ರವನ್ನು ಬದುಕಿಸುವುದು ದುರಸ್ತಿಗಾರನ ಕಸುಬು. ಡಿಸ್ಕಿನಲ್ಲಿರುವುದು ಏನೆಂಬುದು ಅವನಿಗೆ ಗೊತ್ತಿರಬೇಕಾದುದಿಲ್ಲ.

ಡಿಸ್ಕೇ ಕೆಟ್ಟಿದ್ದರೆ ಸ್ಥಿತಿ ಬೇರೆ. ಹಳೆಯ ಬಗೆಯ ಹಾರ್ಡ್ ಡಿಸ್ಕಿನಲ್ಲಿ ಕಾಂತೀಯ ಲೇಪವಿರುವ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತವೆ. ಓದುವ ಮುಳ್ಳು ತಟ್ಟೆಯನ್ನು ಮುಟ್ಟದೆ, ಕೂದಲೆಳೆಯ ದಪ್ಪದ ಸಾವಿರಾರು ಪಾಲಿನಲ್ಲಿ ಒಂದರಷ್ಟು ಅಂತರದಲ್ಲಿ ತೇಲುತ್ತಿರುತ್ತದೆ. ಆ ಮುಳ್ಳು ತಟ್ಟೆಗೆ ತಗುಲಿದರೆ ಲೇಪ ಕಿತ್ತುಬರುತ್ತದೆ. ಟಕ್ ಟಕ್ ಎಂಬ ಸದ್ದು ಕೇಳಿಬಂದಾಗ ಮತ್ತೆ ಮತ್ತೆ ಚಾಲೂ ಮಾಡಿ ನೋಡುವುದೆಂದರೆ ಗಾಯವನ್ನು ಕೆರೆದಂತೆ. ಒಡನೆಯೇ ವಿದ್ಯುತ್ ಸಂಪರ್ಕ ಕಿತ್ತು, ದತ್ತಾಂಶ ಮರಳಿಸುವ ಪರಿಣತರಿಗೆ ಕೊಡುವುದೊಂದೇ ದಾರಿ. ಸದ್ದಿಲ್ಲದೆ ಕಡತ ಮಾತ್ರ ಕಾಣೆಯಾದ ಸಂದರ್ಭ ಇದಕ್ಕಿಂತ ಸೌಮ್ಯವಾದುದು. ಅಳಿಸಿದ ಕಡತ ಕೂಡಲೇ ನಾಶವಾಗುವುದಿಲ್ಲ. ಪುಸ್ತಕದ ವಿಷಯಸೂಚಿಯಿಂದ ಒಂದು ಸಾಲನ್ನು ಹೊಡೆದುಹಾಕಿದಂತೆ ಅದರ ಹೆಸರು ಪಟ್ಟಿಯಿಂದ ಹೋಗುತ್ತದೆ, ಪುಟ ಅಲ್ಲಿಯೇ ಇರುತ್ತದೆ. ಆ ಡಿಸ್ಕಿನ ಮೇಲೆ ಹೊಸತೇನನ್ನೂ ಬರೆಯದಿದ್ದರೆ ಅದನ್ನು ಹುಡುಕಿ ತೆಗೆಯಬಹುದು. ಇತ್ತೀಚಿನ ಎಸ್‌ಎಸ್‌ಡಿ ಡಿಸ್ಕುಗಳಲ್ಲಿ ಈ ಅವಕಾಶ ಕಡಿಮೆ, ಏಕೆಂದರೆ ಅವು ಅಳಿಸಿದ ಜಾಗವನ್ನು ತಾವಾಗಿಯೇ ಶುದ್ಧಗೊಳಿಸಿಕೊಳ್ಳುತ್ತವೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿಗೆ ಗೂಢಲಿಪಿಯ ಬೀಗವಿರುವುದೂ ಉಂಟು. ಮಾಲೀಕರಿಗೇ ತಿಳಿಯದೆ ಬಿದ್ದ ಆ ಬೀಗದ ಕೀಲಿಸಂಖ್ಯೆ ಸಿಗದಿದ್ದರೆ ಡಿಸ್ಕು ಸರಿಯಿದ್ದೂ ಪ್ರಯೋಜನವಿಲ್ಲ.

ಈ ವರೆಗೆ ಹೇಳಿದುದು ಯಾವ ಭಾಷೆಯ ಲೇಖಕರಿಗಾದರೂ ಅನ್ವಯಿಸುತ್ತದೆ. ಈಗ ಬಿಳಿಚೋಡಿನ ಅಧ್ಯಾಪಕರ ಡಿಸ್ಕು ಬದುಕಿತೆಂದೇ ಇಟ್ಟುಕೊಳ್ಳೋಣ. ಹೊಸ ಯಂತ್ರ ಬಂದಿದೆ, ಹಳೆಯ ಕಡತಗಳು ಅದಕ್ಕೆ ವರ್ಗವಾಗಿವೆ. ಒಂದನ್ನು ತೆರೆದರೆ ಪರದೆಯ ಮೇಲೆ ಕನ್ನಡವಿಲ್ಲ. ಇಂಗ್ಲಿಷಿನ ದೊಡ್ಡಕ್ಷರ, ಪೌಂಡ್ ನಾಣ್ಯದ ಗುರುತು, ತಲೆಯ ಮೇಲೆ ಗೀಟೆಳೆದ ಯೂರೋಪಿನ ಅಕ್ಷರಗಳು ಸಾಲುಸಾಲಾಗಿ ನಿಂತಿವೆ. 'ವೈರಸ್ ಹೊಡೆದಿದೆ', 'ಕಡತ ಕೆಟ್ಟಿದೆ' ಎಂಬ ತೀರ್ಮಾನಕ್ಕೆ ಬರುವವರೇ ಹೆಚ್ಚು. ಹಾಗೆ ತಿಳಿದು ಅಳಿಸಿಬಿಟ್ಟವರೂ ಇರಬಹುದು. ನಿಜಕ್ಕೂ ಕಡತಕ್ಕೆ ಏನೂ ಆಗಿರುವುದಿಲ್ಲ. ಅದು ಮೊದಲಿನಿಂದಲೂ ಹಾಗೆಯೇ ಇತ್ತು. ಹಳೆಯ ಯಂತ್ರದಲ್ಲಿದ್ದ ಒಂದು ಫಾಂಟು ಅದರ ಮೇಲೆ ಕನ್ನಡದ ಮುಖವಾಡವನ್ನು ತೊಡಿಸಿತ್ತು. ಆ ಫಾಂಟು ಹಳೆಯ ಯಂತ್ರದೊಂದಿಗೆ ಹೋಯಿತು.

ಇದು ಹೇಗಾಯಿತೆಂಬುದನ್ನು ತಿಳಿಯಲು ಕನ್ನಡ ಗಣಕೀಕರಣದ ಇತಿಹಾಸವನ್ನು ಸ್ವಲ್ಪ ನೋಡಬೇಕಾಗುತ್ತದೆ. ಗಣಕಯಂತ್ರ ಅಕ್ಷರವನ್ನು ಸಂಖ್ಯೆಯಾಗಿ ಮಾತ್ರ ಬಲ್ಲದು. ಯಾವ ಸಂಖ್ಯೆ ಯಾವ ಅಕ್ಷರವೆಂಬ ಒಪ್ಪಂದಕ್ಕೆ ಸಂಕೇತವ್ಯವಸ್ಥೆ ಎಂದು ಹೆಸರು. ಭಾರತೀಯ ಲಿಪಿಗಳಿಗಾಗಿ ರೂಪುಗೊಂಡ ಇಸ್ಕಿ ಸಂಕೇತ 1991ರಲ್ಲಿ ಭಾರತೀಯ ಮಾನಕವಾಗಿ ಅಂಗೀಕೃತವಾಯಿತು. ಅದೇ ವರ್ಷ ಪ್ರಕಟವಾದ ಯುನಿಕೋಡಿನ ಮೊದಲ ಆವೃತ್ತಿಯಲ್ಲಿಯೂ ಕನ್ನಡಕ್ಕೆ 128 ಸ್ಥಾನಗಳ ಒಂದು ವಿಭಾಗ ದೊರೆಯಿತು. ಆದರೆ ಸಾಮಾನ್ಯರ ಮೇಜಿನ ಮೇಲಿನ ವಿಂಡೋಸ್ ಯಂತ್ರ ಯುನಿಕೋಡ್ ಕನ್ನಡವನ್ನು ತೋರಿಸಲು ಶಕ್ತವಾದುದು 2001ರ ಎಕ್ಸ್‌ಪಿ ಆವೃತ್ತಿಯಿಂದೀಚೆಗೆ. ನಡುವಿನ ಹತ್ತು ವರ್ಷ ಕನ್ನಡಿಗರು ಕಾಯಲಿಲ್ಲ, ಕಾಯಬೇಕಾಗಿಯೂ ಇರಲಿಲ್ಲ. ಕೆ.ಪಿ. ರಾವ್ ಅವರು ಪಂಡಿತ ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ 'ಸೇಡಿಯಾಪು' ತಂತ್ರಾಂಶವನ್ನು ರೂಪಿಸಿದರು; ಕನ್ನಡದ ಧ್ವನಿವ್ಯವಸ್ಥೆಯನ್ನು ಅನುಸರಿಸಿದ ಅವರ ಕೀಲಿಮಣೆಯ ವಿನ್ಯಾಸವೇ ಮುಂದೆ ಸರ್ಕಾರದ ಶಿಷ್ಟ ವಿನ್ಯಾಸಕ್ಕೆ ಆಧಾರವಾಯಿತು. ಪುಣೆಯ ಶ್ರೀಲಿಪಿ, ಬೆಂಗಳೂರಿನ ಆಕೃತಿ, ಪ್ರಕಾಶಕ್ ಮೊದಲಾದ ತಂತ್ರಾಂಶಗಳು ಮುದ್ರಣಾಲಯಗಳನ್ನು ಸೇರಿದವು. ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಹೊರಬಂದಿತು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ 'ನುಡಿ'ಯನ್ನು ಕರ್ನಾಟಕ ಸರ್ಕಾರ ಉಚಿತವಾಗಿ ಹಂಚಿತು. ಸರ್ಕಾರಿ ಕಚೇರಿ, ಶಾಲೆ, ಊರಿನ ಡಿಟಿಪಿ ಅಂಗಡಿ ಎಲ್ಲೆಡೆ ಕನ್ನಡ ಕಾಣಿಸಿಕೊಂಡುದು ಈ ತಂತ್ರಾಂಶಗಳಿಂದ. ಅವುಗಳ ಉಪಕಾರವನ್ನು ಮರೆತು ದೋಷವನ್ನು ಮಾತ್ರ ಎತ್ತಿ ಆಡುವುದು ನ್ಯಾಯವಲ್ಲ.

ಆದರೆ ಅವೆಲ್ಲವೂ ಅನುಸರಿಸಿದ ಉಪಾಯ ಒಂದೇ. ಇಂಗ್ಲಿಷಿಗಾಗಿ ಮಾಡಿದ 256 ಸ್ಥಾನಗಳ ಫಾಂಟಿನಲ್ಲಿ ಇಂಗ್ಲಿಷ್ ಅಕ್ಷರದ ಚಿತ್ರವನ್ನು ತೆಗೆದು ಕನ್ನಡದ ಚಿತ್ರವನ್ನು ಕೂರಿಸುವುದು. ಕನ್ನಡದ ಕಾಗುಣಿತ, ಒತ್ತಕ್ಷರಗಳೆಲ್ಲ 256 ಸ್ಥಾನಗಳಿಗೆ ಹಿಡಿಯುವುದಿಲ್ಲ. ಆದ್ದರಿಂದ ಅಕ್ಷರವನ್ನು ತುಂಡುಮಾಡಿ ತಲೆಕಟ್ಟು, ಕೊಂಬು, ಇಳಿ, ಒತ್ತು ಎಂದು ಬಿಡಿಭಾಗಗಳನ್ನು ಕೂರಿಸಲಾಯಿತು. ಹಳೆಯ ಮುದ್ರಣಾಲಯದಲ್ಲಿ ಮೊಳೆ ಜೋಡಿಸುವವರು ಮಾಡುತ್ತಿದ್ದುದೂ ಇದನ್ನೇ. ಅಚ್ಚುಹಾಕಲು ಇದು ಸಾಕು. ಕಾಗದದ ಮೇಲೆ ಬಿದ್ದ ಮಸಿಗೆ ಅದರ ಹಿಂದಿದ್ದ ಸಂಖ್ಯೆ ಬೇಕಿಲ್ಲ. ಕಡತವೇ ಮೂಲಪ್ರತಿಯಾಗಿ ನಿಂತಾಗ ತೊಂದರೆ ಆರಂಭವಾಗುತ್ತದೆ.

'ಕನ್ನಡ' ಎಂಬ ಪದವನ್ನೇ ತೆಗೆದುಕೊಳ್ಳಬಹುದು. ಕೆ.ಪಿ. ರಾವ್ ವಿನ್ಯಾಸದಲ್ಲಿ ಅದನ್ನು ಮೂಡಿಸಲು ಲೇಖಕರ ಬೆರಳು ಐದು ಕೀಲಿಗಳನ್ನು ಒತ್ತುತ್ತದೆ: ಕ, ನ, ಕೂಡಿಸುವ ಕೀಲಿ, ಮತ್ತೆ ನ, ಡ. ನುಡಿ ಫಾಂಟಿನ ಕಡತದಲ್ಲಿ ಉಳಿಯುವುದು ಏಳು ಸಂಖ್ಯೆಗಳು: 80, 192, 163, 192, 223, 113, 192. ಇವುಗಳಲ್ಲಿ ಮೂರು ಬಾರಿ ಬಂದಿರುವ 192 ತಲೆಕಟ್ಟು. 80, 163, 113 ಇವು ತಲೆಕಟ್ಟಿಲ್ಲದ ಕಕಾರ, ನಕಾರ, ಡಕಾರಗಳ ಮೈ. 223 ನಕಾರದ ಒತ್ತು. ಕನ್ನಡದ ಫಾಂಟು ಇಲ್ಲದ ಯಂತ್ರ 80ನ್ನು ಇಂಗ್ಲಿಷಿನ ದೊಡ್ಡ 'ಪಿ' ಎಂದೂ 163ನ್ನು ಪೌಂಡಿನ ಗುರುತೆಂದೂ ಓದಿ ತೋರಿಸುತ್ತದೆ. ಯುನಿಕೋಡಿನಲ್ಲಿ ಅದೇ ಪದ 3221, 3240, 3277, 3240, 3233 ಎಂಬ ಐದು ಸಂಖ್ಯೆಗಳು. ಬೆರಳು ಒತ್ತಿದ ಅದೇ ಐದು, ಅದೇ ಕ್ರಮ. ಎರಡರಲ್ಲಿಯೂ ಕೀಲಿಮಣೆ ಒಂದೇ, ಪರದೆಯ ಮೇಲೆ ಮೂಡುವ ರೂಪವೂ ಒಂದೇ. ಹೀಗಾಗಿ ತಾವು ಉಳಿಸಿಡುತ್ತಿರುವುದು ಅಕ್ಷರವನ್ನೋ ಅಕ್ಷರದ ಚಿತ್ರದ ತುಂಡುಗಳನ್ನೋ ಎಂಬುದು ಲೇಖಕರಿಗೆ ವರ್ಷಗಟ್ಟಲೆ ತಿಳಿಯುವುದಿಲ್ಲ. ಅದು ತಿಳಿಯುವುದು ಯಂತ್ರ ಕೆಟ್ಟ ದಿನ.

ತುಂಡುಗಳ ಈ ಲೋಕದಲ್ಲಿ ಇನ್ನೂ ಕೆಲವು ವಿಚಿತ್ರಗಳಿವೆ. ನುಡಿಯ ಕಡತದಲ್ಲಿ ಮಕಾರಕ್ಕೆ ಸ್ವಂತ ಸ್ಥಾನವಿಲ್ಲ. ವಕಾರದ ಮೈಗೆ ತಲೆಕಟ್ಟೂ ಒಂದು ಕೊಂಬೂ ಸೇರಿ ಮ ಆಗುತ್ತದೆ. ಯಕಾರದ ಎಡಬದಿಯ ಸುರುಳಿ ಅನುಸ್ವಾರದ ಸೊನ್ನೆಯೇ. ಆದ್ದರಿಂದ ವಕಾರವನ್ನು ಹುಡುಕಲು ಹೇಳಿದರೆ ಯಂತ್ರ ಮಕಾರಗಳನ್ನೂ ತಂದು ಮುಂದಿಡುತ್ತದೆ. ಅನುಸ್ವಾರಗಳನ್ನು ಎಣಿಸಿದರೆ ಯಕಾರಗಳೂ ಲೆಕ್ಕಕ್ಕೆ ಸೇರುತ್ತವೆ. ಪದಪ್ರಯೋಗಕೋಶ, ಅಕಾರಾದಿ, ಛಂದಸ್ಸಿನ ಗಣನೆ ಇವಕ್ಕಾಗಿ ಗಣಕಯಂತ್ರವನ್ನು ಬಳಸಬಯಸುವ ಸಂಶೋಧಕರಿಗೆ ಇಂಥ ಪಠ್ಯ ನೇರವಾಗಿ ಉಪಯೋಗಕ್ಕೆ ಬಾರದು. 'ಸೂರ್ಯ' ಎಂಬಲ್ಲಿ ಉಚ್ಚಾರಣೆಯಲ್ಲಿ ರೇಫ ಮೊದಲು, ಯಕಾರ ಅನಂತರ. ಚಿತ್ರದಲ್ಲಿ ಅರ್ಕಾವೊತ್ತು ಕೊನೆಗೆ ಬರುವುದರಿಂದ ನುಡಿಯ ಕಡತದಲ್ಲಿಯೂ ಅದು ಕೊನೆಗೇ ಇರುತ್ತದೆ. ಕಣ್ಣಿಗೆ ಕಂಡಂತೆ ಬರೆದಿಡುವುದಕ್ಕೂ ನುಡಿದಂತೆ ಬರೆದಿಡುವುದಕ್ಕೂ ಇರುವ ಅಂತರವಿದು.

ಪೂರ್ಣಚಂದ್ರ ತೇಜಸ್ವಿಯವರು ಗಣಕಯಂತ್ರವನ್ನು ಬಹಳ ಬೇಗ ಕೈಗೆತ್ತಿಕೊಂಡ ಕನ್ನಡ ಲೇಖಕರಲ್ಲಿ ಒಬ್ಬರು. ತಂತ್ರಾಂಶಗಳು ಒಂದಕ್ಕೊಂದು ಹೊಂದದೆ ಕನ್ನಡದ ಪಠ್ಯ ಆಯಾ ತಂತ್ರಾಂಶದ ಸೆರೆಯಾಗುತ್ತಿರುವುದನ್ನು ಕುರಿತು ಅವರು ತಮ್ಮ ಕೊನೆಯ ವರ್ಷಗಳಲ್ಲಿ ಆಸಕ್ತಿಯಿಂದ ಚರ್ಚಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ 'ಕುವೆಂಪು ಕನ್ನಡ ತಂತ್ರಾಂಶ'ದ ಹಿಂದೆ ಅವರ ಒತ್ತಾಸೆಯಿತ್ತು. 2007ರಲ್ಲಿ ಅವರು ತೀರಿಕೊಂಡರು. ಲೇಖಕನೊಬ್ಬನಿಗೆ ಸಂಕೇತವ್ಯವಸ್ಥೆಯ ಗೊಡವೆ ಏಕೆಂದು ಅಂದು ಆಶ್ಚರ್ಯಪಟ್ಟವರಿದ್ದರೆ, ಅವರ ಹಳೆಯ ಕಡತಗಳೇ ಈಗ ಉತ್ತರ ಹೇಳುತ್ತಿರಬಹುದು. ಸರ್ಕಾರ 2010ರ ದಶಕದಲ್ಲಿ ಯುನಿಕೋಡನ್ನು ಅಂಗೀಕರಿಸಿದುದರಿಂದಲೂ ಮೊಬೈಲ್ ಫೋನುಗಳು ಯುನಿಕೋಡನ್ನಲ್ಲದೆ ಬೇರೆಯದನ್ನು ತಿಳಿಯದಿರುವುದರಿಂದಲೂ ಹೊಸದಾಗಿ ಬರೆಯುವವರಿಗೆ ಈ ತೊಂದರೆ ಕಡಿಮೆ. ಆದರೆ ಸುಮಾರು 1990ರಿಂದ 2010ರ ವರೆಗಿನ ಕನ್ನಡ ಬರವಣಿಗೆಯ ದೊಡ್ಡ ಪಾಲು ಹಳೆಯ ಸಂಕೇತಗಳಲ್ಲಿಯೇ ಇದೆ, ಮುದ್ರಣಕ್ಷೇತ್ರದಲ್ಲಿ ಅವುಗಳ ಬಳಕೆ ಇನ್ನೂ ನಿಂತಿಲ್ಲ.

ಅಧ್ಯಾಪಕರ ಕಡತಕ್ಕೆ ಮರಳಿದರೆ, ಅದನ್ನು ಓದಲು ಅವರು ಮಾಡಬೇಕಾದ ಕೆಲಸ ಹೆಚ್ಚೇನಲ್ಲ. ಮಾಡಬಾರದ ಕೆಲಸಗಳೇ ಹೆಚ್ಚು. ಮೂಲ ಕಡತವನ್ನು ಮುಟ್ಟದೆ ಅದರ ಒಂದು ನಕಲನ್ನು ತೆಗೆದುಕೊಂಡು, ಅದೇ ಹೆಸರಿನ ಫಾಂಟನ್ನು ಹೊಸ ಯಂತ್ರಕ್ಕೆ ಹಾಕಿದರೆ ಕನ್ನಡ ಮತ್ತೆ ಮೂಡುತ್ತದೆ. ಯಾವ ಫಾಂಟೆಂಬುದು ನೆನಪಿಲ್ಲದಿದ್ದರೆ ವರ್ಡ್ ಕಡತ ಅದರ ಹೆಸರನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಕಡತವನ್ನು ಬರಿಯ ಪಠ್ಯರೂಪದಲ್ಲಿ ಉಳಿಸಿದರೆ ಈ ಹೆಸರು ಹಾರಿಹೋಗುತ್ತದೆ. ಆಗ ಯಾವ ಕೀಲಿಯಿಂದ ತೆರೆಯಬೇಕೆಂಬ ಸುಳಿವೇ ಇಲ್ಲ, ಏಕೆಂದರೆ ಶ್ರೀಲಿಪಿಯ ಸಂಖ್ಯೆಗಳು ಬೇರೆ, ಆಕೃತಿಯವು ಬೇರೆ, ನುಡಿಯವು ಬೇರೆ. ಇನ್ನೂ ದೊಡ್ಡ ಅಪಾಯವೊಂದಿದೆ. ಇಂಗ್ಲಿಷಿನ ಮೂಲಸಂಕೇತಗಳು 127ಕ್ಕೆ ಮುಗಿಯುತ್ತವೆ. ಅದರಾಚೆಯ ಸಂಖ್ಯೆಗಳನ್ನು ಅರಿಯದ ತಂತ್ರಾಂಶದಲ್ಲಿ ಕಡತವನ್ನು ಉಳಿಸಿದರೆ ಅವುಗಳ ಜಾಗದಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆ ಬಂದು ಕೂರುತ್ತದೆ. 'ಕನ್ನಡ'ದ ಏಳು ಸಂಖ್ಯೆಗಳಲ್ಲಿ ಆಗ ಉಳಿಯುವುದು 80 ಮತ್ತು 113 ಮಾತ್ರ. ಚಿಂದಿಯಾಗಿ ಕಂಡ ಕಡತವನ್ನು ಓದಬಹುದು. ಪ್ರಶ್ನಾರ್ಥಕ ಚಿಹ್ನೆಯಾಗಿ ಮಾರ್ಪಟ್ಟುದನ್ನು ಯಾವ ಪರಿಣತನೂ ಓದಲಾರ. ವರ್ಡ್ ತಂತ್ರಾಂಶದ ಇಂಗ್ಲಿಷ್ ತಿದ್ದುಪಡಿಯ ಉತ್ಸಾಹವನ್ನೂ ಮೊದಲೇ ಅಡಗಿಸಬೇಕು. ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದು ಮಾಡುವ ಅದರ ಚಾಳಿಯಿಂದ ನುಡಿಯ ಡಕಾರ 'ಕಿ'ಯಾಗಿ ಬದಲಾಗುತ್ತದೆ, ಏಕೆಂದರೆ ಡಕಾರದ ಮೈ ಕುಳಿತಿರುವುದು ಇಂಗ್ಲಿಷಿನ ಚಿಕ್ಕ 'ಕ್ಯೂ' ಜಾಗದಲ್ಲಿ, 'ಕಿ' ಇರುವುದು ದೊಡ್ಡ 'ಕ್ಯೂ' ಜಾಗದಲ್ಲಿ.

ಓದಲು ಬಂದ ಮೇಲೆ ಯುನಿಕೋಡಿಗೆ ಪರಿವರ್ತಿಸುವುದು ಮುಂದಿನ ಹೆಜ್ಜೆ. ಇದಕ್ಕೆ ಉಚಿತ ಪರಿವರ್ತಕಗಳಿವೆ. ಆದರೆ ಪರಿವರ್ತನೆಯನ್ನು ಯಾಂತ್ರಿಕ ಕ್ರಿಯೆಯೆಂದು ತಿಳಿದು ಬಂದ ಫಲಿತಾಂಶವನ್ನು ಹಾಗೆಯೇ ಅಚ್ಚಿಗೆ ಕಳಿಸುವುದು ಸರಿಯಲ್ಲ. ತುಂಡುಗಳನ್ನು ಕೂಡಿಸಿ ಅಕ್ಷರ ಮಾಡುವಾಗ, ಅರ್ಕಾವೊತ್ತನ್ನು ಹಿಂದಕ್ಕೆ ಸರಿಸುವಾಗ, ಎರಡು ಒತ್ತುಗಳು ಕೂಡಿಬಂದಾಗ, ದೀರ್ಘದ ಗುರುತು ಒತ್ತಿನ ಆಚೆಗೆ ಬಿದ್ದಾಗ ತಪ್ಪುಗಳು ನುಸುಳುತ್ತವೆ. ಕನ್ನಡದ ನಡುವೆ ಬಂದ ಇಂಗ್ಲಿಷ್ ಪದಗಳು ಪರಿವರ್ತಕದ ಕಣ್ಣಿಗೆ ಕನ್ನಡದ ತುಂಡುಗಳಾಗಿ ಕಂಡು ಅರ್ಥವಿಲ್ಲದ ಅಕ್ಷರಗಳಾಗುತ್ತವೆ. ಹಳಗನ್ನಡ ಪಠ್ಯವಿದ್ದಲ್ಲಿ ಶಕಟರೇಫ ಮತ್ತು ಱೞಗಳನ್ನು ಒಂದೊಂದಾಗಿ ನೋಡಬೇಕು. ಗ್ರಂಥಸಂಪಾದಕರಿಗೆ ಇದು ಹೊಸ ಅನುಭವವೇನಲ್ಲ. ಡಿ.ಎಲ್. ನರಸಿಂಹಾಚಾರ್ಯರೂ ಎಂ.ಎಂ. ಕಲಬುರ್ಗಿಯವರೂ ಗ್ರಂಥಸಂಪಾದನೆಯನ್ನು ಕುರಿತ ತಮ್ಮ ಪುಸ್ತಕಗಳಲ್ಲಿ ಲಿಪಿಕಾರರ ಸ್ಖಾಲಿತ್ಯಗಳನ್ನು ವಿಚಾರಿಸಿದ್ದಾರೆ. ರೂಪಸಾಮ್ಯದಿಂದ ಲಿಪಿಕಾರ ಒಂದಕ್ಷರವನ್ನು ಇನ್ನೊಂದೆಂದು ಭ್ರಮಿಸುವಂತೆ ಪರಿವರ್ತಕವೂ ಭ್ರಮಿಸುತ್ತದೆ. ಒಂದೇ ವ್ಯತ್ಯಾಸವೆಂದರೆ ಲಿಪಿಕಾರ ಆಗೊಮ್ಮೆ ಈಗೊಮ್ಮೆ ತಪ್ಪುತ್ತಾನೆ, ಪರಿವರ್ತಕ ಒಂದೇ ತಪ್ಪನ್ನು ಎಲ್ಲ ಕಡೆಯೂ ತಪ್ಪದೆ ಮಾಡುತ್ತದೆ. ಆದ್ದರಿಂದ ಅದನ್ನು ಗುರುತಿಸುವುದೂ ತಿದ್ದುವುದೂ ಸುಲಭ. ಅಧ್ಯಾಪಕರ ಸೋಬಾನೆ ಪದಗಳ ವಿಷಯದಲ್ಲಿ ಮಾತ್ರ ಹೆಚ್ಚಿನ ಎಚ್ಚರ ಬೇಕು. ಆಡುನುಡಿಯ ರೂಪಗಳು ನಿಘಂಟಿನಲ್ಲಿರುವುದಿಲ್ಲ. ತಪ್ಪಾವುದು, ಹಾಡಿದವರ ಬಾಯಲ್ಲಿದ್ದ ರೂಪವಾವುದು ಎಂದು ಹೇಳಬಲ್ಲವರು ಅವರೊಬ್ಬರೇ.

ಡಿಸ್ಕಿನಿಂದ ಏನೂ ಸಿಗದಿದ್ದರೂ ಬರವಣಿಗೆ ಬೇರೆಡೆ ಉಳಿದಿರುವ ಸಾಧ್ಯತೆಯನ್ನು ಮರೆಯಬಾರದು. ಪತ್ರಿಕೆಗೆ ಕಳಿಸಿದ ಇ-ಅಂಚೆ, ಸ್ನೇಹಿತರಿಗೆ ಓದಲು ಕೊಟ್ಟ ಮುದ್ರಿತ ಕರಡು, ಹಳೆಯ ಪೆನ್‌ಡ್ರೈವ್, 1.44 ಎಂಬಿಯ ಫ್ಲಾಪಿ, ಎಲ್ಲಕ್ಕಿಂತ ಹೆಚ್ಚಾಗಿ ಡಿಟಿಪಿ ಅಂಗಡಿ. ನಮ್ಮ ಸಣ್ಣ ಊರುಗಳಲ್ಲಿ ಡಿಟಿಪಿ ಅಂಗಡಿಯವರು ತಮಗರಿವಿಲ್ಲದೆಯೇ ಹಸ್ತಪ್ರತಿ ಭಂಡಾರಗಳ ಪಾಲಕರಾಗಿದ್ದಾರೆ. ತೊಂದರೆಯೆಂದರೆ ಅಲ್ಲಿ ಪುಟವಿನ್ಯಾಸವಾದುದು ಪೇಜ್‌ಮೇಕರಿನಲ್ಲಿ. ಆ ತಂತ್ರಾಂಶದ ಕೊನೆಯ ಮುಖ್ಯ ಆವೃತ್ತಿ, ಏಳನೆಯದು, ಬಂದುದು 2001ರಲ್ಲಿ. ಅನಂತರ ತಯಾರಕರು ಅದನ್ನು ಕೈಬಿಟ್ಟರು. ಕೆಲವು ಕನ್ನಡ ತಂತ್ರಾಂಶಗಳಿಗೆ ಯಂತ್ರದ ಹಿಂಬದಿಗೆ ಸಿಕ್ಕಿಸುವ ಬೀಗದಂಥ ಪುಟ್ಟ ಸಾಧನ ಬೇಕಿತ್ತು. ಅದನ್ನು ಸಿಕ್ಕಿಸುವ ಕಂಡಿಯೇ ಇಂದಿನ ಯಂತ್ರಗಳಲ್ಲಿ ಇಲ್ಲ. ಅಕಾಡೆಮಿಗಳೂ ವಿಶ್ವವಿದ್ಯಾಲಯಗಳೂ ಆ ಎರಡು ದಶಕಗಳಲ್ಲಿ ಹೊರತಂದ ಸಂಪುಟಗಳ ಕಡತಗಳೂ ಇದೇ ಸ್ಥಿತಿಯಲ್ಲಿರುವ ಸಂಭವವಿದೆಯೆಂಬುದನ್ನು ಈ ಬಗೆಯ ಸಂಪುಟದಲ್ಲಿಯೇ ಹೇಳಬೇಕಾಗಿದೆ. ಮುದ್ರಿತ ಹಾಳೆ ಇದ್ದರೆ ಅದನ್ನು ಸ್ಕ್ಯಾನ್ ಮಾಡಿ ಅಕ್ಷರಗಳನ್ನು ಯಂತ್ರದಿಂದಲೇ ಓದಿಸುವ ದಾರಿಯೊಂದು ಈಗ ತೆರೆದಿದೆ. ಕನ್ನಡವನ್ನು ಓದಬಲ್ಲ ಉಚಿತ ತಂತ್ರಾಂಶಗಳು ಬಂದಿವೆ, ಸ್ವಚ್ಛವಾದ ಮುದ್ರಣವನ್ನು ಅವು ಬಹುಮಟ್ಟಿಗೆ ಸರಿಯಾಗಿ ಓದುತ್ತವೆ. ಕಾಗದವನ್ನು ಹಳೆಯದೆಂದು ತಿರಸ್ಕರಿಸಿದ ನಾವು ಗಣಕಯಂತ್ರದ ಕಡತವನ್ನು ಉಳಿಸಲು ಮತ್ತೆ ಕಾಗದದ ಮೊರೆಹೋಗಬೇಕಾಗಿ ಬಂದುದು ವಿನೋದವೇ ಸರಿ.

ಯಾವ ದಾರಿಯೂ ಇಲ್ಲದಾಗ ಉಳಿಯುವುದು ಮತ್ತೆ ಬರೆಯುವುದು. 1835ರಲ್ಲಿ ಸ್ಕಾಟ್ಲೆಂಡ್ ಮೂಲದ ಥಾಮಸ್ ಕಾರ್ಲೈಲ್ ಫ್ರೆಂಚ್ ಕ್ರಾಂತಿಯ ಚರಿತ್ರೆಯ ಮೊದಲ ಸಂಪುಟದ ಹಸ್ತಪ್ರತಿಯನ್ನು ಓದಲೆಂದು ಗೆಳೆಯ ಜಾನ್ ಸ್ಟುವರ್ಟ್ ಮಿಲ್ಲನಿಗೆ ಕೊಟ್ಟಿದ್ದ. ಅಲ್ಲಿ ಅದು ಬೇಡದ ಕಾಗದವೆಂದು ತಿಳಿದವರಿಂದ ಬೆಂಕಿಗೆ ಬಿತ್ತು. ಕಾರ್ಲೈಲ್ ಅದನ್ನು ಪೂರ್ತಿ ಮತ್ತೆ ಬರೆದ. 1837ರಲ್ಲಿ ಗ್ರಂಥ ಪ್ರಕಟವಾಯಿತು. ಮೊದಲ ಪಾಠ ಹೇಗಿತ್ತೆಂಬುದು ಯಾರಿಗೂ ತಿಳಿಯುವಂತಿಲ್ಲ. ಕಾಗದದ ಮೇಲೆ ಬರೆದವರು ಹೊಡೆದುಹಾಕಿದ ಸಾಲು, ಅಂಚಿನಲ್ಲಿ ಸೇರಿಸಿದ ಪದ ಎಲ್ಲವೂ ಕಣ್ಣಿಗೆ ಕಾಣುತ್ತಿದ್ದವು. ಪಾಠಾಂತರಗಳ ಅಧ್ಯಯನ ನಿಂತಿರುವುದೇ ಅದರ ಮೇಲೆ. ಗಣಕಯಂತ್ರದಲ್ಲಿ ತಿದ್ದಿದುದು ಅಳಿಸಿಹೋಗುತ್ತದೆ. ಪಾಠಾಂತರವೆಂದು ಉಳಿಯುವುದು 'ಅಂತಿಮ', 'ಅಂತಿಮ-2', 'ಇದೇ ಅಂತಿಮ' ಎಂಬ ಹೆಸರಿನ ಕಡತಗಳಷ್ಟೆ. ಹಾಸ್ಯವಾಗಿ ಕಂಡರೂ ಮುಂದಿನ ಸಂಪಾದಕರಿಗೆ ಆಕರವಾಗುವುದು ಅವೇ ಆದುದರಿಂದ ಅವನ್ನು ಒಟ್ಟುಮಾಡಿ ಒಂದೇ ಮಾಡುವ ಶಿಸ್ತು ಅಗತ್ಯವಿಲ್ಲ.

ಗ್ರಂಥಾಲಯಗಳ ಪಾತ್ರ ಬರುವುದು ಇಲ್ಲಿ. ಅಮೆರಿಕದ ಅಟ್ಲಾಂಟಾದಲ್ಲಿರುವ ಎಮೊರಿ ವಿಶ್ವವಿದ್ಯಾಲಯ 2006ರಲ್ಲಿ ಸಲ್ಮಾನ್ ರಶ್ದಿ ಅವರ ಕಾಗದಪತ್ರಗಳೊಂದಿಗೆ ಅವರು ಬಳಸಿದ್ದ ನಾಲ್ಕು ಆಪಲ್ ಗಣಕಯಂತ್ರಗಳನ್ನೂ ಪಡೆದುಕೊಂಡಿತು. ಡಿಸ್ಕುಗಳ ಪೂರ್ಣ ಪ್ರತಿಬಿಂಬವನ್ನು ತೆಗೆದು, ಅವುಗಳಲ್ಲಿ ಮೊದಲನೆಯದಾದ ಪರ್ಫಾರ್ಮಾ 5400 ಯಂತ್ರದ ಪರಿಸರವನ್ನೇ ಹೊಸ ಯಂತ್ರದಲ್ಲಿ ಅನುಕರಿಸಿ, 2010ರಲ್ಲಿ ಸಂಶೋಧಕರಿಗೆ ತೆರೆದಿಟ್ಟಿತು. ಲೇಖಕರು ತಮ್ಮ ಕಡತಗಳನ್ನು ಯಾವ ಪರದೆಯಲ್ಲಿ ನೋಡುತ್ತಿದ್ದರೋ ಅದೇ ಪರದೆಯಲ್ಲಿ ಸಂಶೋಧಕರೂ ನೋಡುತ್ತಾರೆ. ನಮ್ಮಲ್ಲಿ ಲೇಖಕರು ತೀರಿಕೊಂಡಾಗ ಪುಸ್ತಕಗಳನ್ನೂ ಪತ್ರಗಳನ್ನೂ ಪ್ರಶಸ್ತಿಫಲಕಗಳನ್ನೂ ಸ್ವೀಕರಿಸುವ ಸಂಸ್ಥೆಗಳಿವೆ. ಮೂಲೆಯಲ್ಲಿ ಧೂಳು ಹಿಡಿದ ಪೆಟ್ಟಿಗೆಯನ್ನು ಕೇಳಿ ಪಡೆಯುವ ರೂಢಿ ಇನ್ನೂ ಬೆಳೆದಿಲ್ಲ. ಮನೆಯವರು ಅದನ್ನು ಹಳೆಯ ಸಾಮಾನಿನವನಿಗೆ ಹಾಕುತ್ತಾರೆ. ಆ ಪೆಟ್ಟಿಗೆಯ ಡಿಸ್ಕಿನಲ್ಲಿ ಕಡತಗಳಷ್ಟೇ ಅಲ್ಲದೆ ಅವುಗಳನ್ನು ಓದಲು ಬೇಕಾದ ಫಾಂಟೂ ಇರುತ್ತದೆಂಬ ಕಾರಣಕ್ಕೆ ಕನ್ನಡದ ಮಟ್ಟಿಗೆ ಇದು ರಶ್ದಿ ಸಂಗ್ರಹಕ್ಕಿಂತಲೂ ಅಗತ್ಯವಾದ ಕೆಲಸ.

ಜಿಲ್ಲಾ ಮಟ್ಟದ ಗ್ರಂಥಾಲಯಕ್ಕೆ, ಕಾಲೇಜಿನ ಕನ್ನಡ ವಿಭಾಗಕ್ಕೆ ಇಷ್ಟು ವ್ಯವಸ್ಥೆ ಸಾಧ್ಯವಾಗದಿರಬಹುದು. ಡಿಸ್ಕನ್ನೋ ಅದರ ನಕಲನ್ನೋ ಪಡೆದು, ಮೂಲ ಕಡತ ಮತ್ತು ಪರಿವರ್ತಿತ ಕಡತ ಎರಡನ್ನೂ ಬೇರೆಬೇರೆಯಾಗಿ ಇಟ್ಟು, ಒಂದು ಪ್ರತಿಯನ್ನು ಇನ್ನೊಂದು ಊರಿನಲ್ಲಿರಿಸುವುದು ಅವುಗಳ ಕೈಗೆಟಕುವ ಕೆಲಸವೇ. ಪ್ರವೇಶಪುಸ್ತಕದಲ್ಲಿ ಕೃತಿಕಾರರ ಹೆಸರು, ಪಡೆದ ದಿನಾಂಕಗಳ ಜೊತೆಗೆ ಬರೆದ ಕಾಲ, ಬಳಸಿದ ತಂತ್ರಾಂಶದ ಹೆಸರು ಮತ್ತು ಆವೃತ್ತಿ, ಫಾಂಟಿನ ಹೆಸರು, ಪುಟವಿನ್ಯಾಸ ಮಾಡಿದ ಸ್ಥಳ ಇವಿಷ್ಟನ್ನು ಬರೆದಿಡಬೇಕು. ಫಾಂಟಿನ ಹೆಸರು ತಿಳಿಯದಿದ್ದಲ್ಲಿ ಆ ಕಡತದ ಒಂದು ಪುಟವನ್ನು ಹಳೆಯ ಯಂತ್ರ ಇನ್ನೂ ನಡೆಯುತ್ತಿರುವಾಗಲೇ ಮುದ್ರಿಸಿ ಜೊತೆಗಿರಿಸಿದರೆ, ಮುಂದೆ ಯಾರಾದರೂ ಆ ಪುಟದ ಅಕ್ಷರಗಳನ್ನೂ ಕಡತದ ಸಂಖ್ಯೆಗಳನ್ನೂ ಎದುರುಬದುರು ಇಟ್ಟು ಉಳಿದ ಪುಟಗಳನ್ನು ಓದಿಕೊಳ್ಳಬಲ್ಲರು.